ಮುದ್ರೆ ಗುಮಾಸ್ತರ ಮನೆಯ ಯಂತ್ರ

ಮಕ್ಕಳಿರುವುದು ತಪ್ಪಲ್ಲ. ಮಕ್ಕಳನ್ನು ಸಾಕುವುದರ ಬಗ್ಗೆ ಒಂದು ಸಿದ್ಧಾಂತ ಇರುವುದೂ ತಪ್ಪಲ್ಲ. ಎರಡೂ ಒಂದೇ ಮನೆಯಲ್ಲಿದ್ದಾಗ ಮಾತ್ರ ತೊಂದರೆ. ಮುದ್ರೆ ಗುಮಾಸ್ತರ ಮನೆಯಲ್ಲಿ ಎರಡೂ ಇದ್ದವು.

ಅವರಿಗೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಕೆಲಸ. ಅಂಗಡಿಯವರು ತರುವ ತೂಕದ ಕಲ್ಲುಗಳನ್ನು ತಕ್ಕಡಿಗೆ ಹಾಕಿ ನೋಡಿ, ಸರಿಯಿದ್ದರೆ ಕಲ್ಲಿನ ನೆತ್ತಿಯ ಮೇಲೆ ಅಚ್ಚಿಟ್ಟು, ಸುತ್ತಿಗೆಯಿಂದ ಒಂದೇಟು ಹೊಡೆದು ಸರ್ಕಾರಿ ಮುದ್ರೆ ಮೂಡಿಸುವುದು ಅವರ ಉದ್ಯೋಗ. ಹದಿನಾಲ್ಕು ವರ್ಷದಿಂದ ಹೊಡೆಯುತ್ತಿದ್ದರು. ಹೀಗಾಗಿ ಜಗತ್ತಿನಲ್ಲಿ ಯಾವ ವಿಷಯ ಎದುರಿಗೆ ಬಂದರೂ ಅದು ಸರಿಯೋ ತಪ್ಪೋ ಎಂದು ಕೂಡಲೇ ತೀರ್ಮಾನಿಸಿ ನೆತ್ತಿಯ ಮೇಲೊಂದು ಕೊಡುವ ಅಭ್ಯಾಸ ಅವರಿಗೆ ಅಂಟಿಕೊಂಡಿತ್ತು.

ಮಕ್ಕಳು ಇಬ್ಬರು. ಐದು ವರ್ಷದ ಹುಡುಗಿ, ಮೂರು ವರ್ಷದ ಹುಡುಗ. ಹುಟ್ಟಿದಾಗ ಇಬ್ಬರಿಗೂ ಚಂದದ ಹೆಸರುಗಳನ್ನೇ ಇಟ್ಟಿದ್ದರು. ಆದರೆ ಆ ಹೆಸರು ಹಿಡಿದು ಕರೆದರೆ ಇಬ್ಬರೂ ತಿರುಗಿ ನೋಡುತ್ತಿರಲಿಲ್ಲವಾದ್ದರಿಂದ, ಮನೆಯಲ್ಲಿ ದೊಡ್ಡದು, ಚಿಕ್ಕದು ಎಂದೇ ರೂಢಿಯಾಗಿತ್ತು. ಅದಕ್ಕೂ ತಿರುಗಿ ನೋಡುತ್ತಿರಲಿಲ್ಲ, ಆ ಮಾತು ಬೇರೆ.

ಸಿದ್ಧಾಂತ ಬಂದದ್ದು ಹಳೇ ಪುಸ್ತಕದ ಅಂಗಡಿಯಿಂದ. ಶಿಶುಪಾಲನೆಯ ಬಗ್ಗೆ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ. ಮುದ್ರೆ ಗುಮಾಸ್ತರು ಅದನ್ನು ಹನ್ನೊಂದನೇ ಪುಟದವರೆಗೆ ಓದಿದರು. ಹನ್ನೆರಡನೇ ಪುಟದಿಂದ ಮುಂದಿನದನ್ನು ಚಿಕ್ಕದು ನೀರಿನ ಬಕೆಟ್ಟಿಗೆ ಹಾಕಿ, ಮುಳುಗುತ್ತದೋ ತೇಲುತ್ತದೋ ಎಂದು ನೋಡಿತು. ಆದರೆ ಒಂದು ಶಾಸ್ತ್ರವನ್ನು ಹನ್ನೊಂದು ಪುಟ ಓದಿದವನಿಗೆ ಬರುವ ಧೈರ್ಯ, ಪೂರ್ತಿ ಓದಿದವನಿಗೆ ಎಂದೂ ಬರುವುದಿಲ್ಲ. ಅವರು ಕಚೇರಿಯಲ್ಲಿ ಟೀ ಹೊತ್ತಿಗೆ ಉಪದೇಶ ಶುರು ಮಾಡಿದರು.

"ದನಿ ಏರಿಸಲೇಬಾರದು ಕಣ್ರೀ. ಎಲ್ಲಾ ಹುಬ್ಬಲ್ಲೇ ಹೇಳ್ಬೇಕು. ನಮ್ಮನೇಲಿ ನೋಡಿ, ನಾನು ಹುಬ್ಬು ಇಷ್ಟು ಎತ್ತಿದ್ರೆ ಸಾಕು. ಎರಡೂ ಗೋಡೆಗೆ ಒರಗಿ ಕೂತ್ಕೊಂಡು ಚಿತ್ರದ ಪುಸ್ತಕ ನೋಡ್ತಾವೆ. ಮನೇಲಿ ಮಕ್ಕಳಿದಾವೆ ಅಂತ ಗೊತ್ತೇ ಆಗಲ್ಲ."

ಸಹೋದ್ಯೋಗಿಗಳು ಬಾಯಿ ಬಿಟ್ಟುಕೊಂಡು ಕೇಳಿದರು. ಕಚೇರಿಯ ಮುಖ್ಯಸ್ಥರಾದ ದೊಡ್ಡ ಸಾಹೇಬರು ಬಾಗಿಲ ಮರೆಯಲ್ಲಿ ನಿಂತು ಕೇಳಿದರು. ಕೇಳಿ, ಮುಂದಿನ ತಿಂಗಳ ಸಿಬ್ಬಂದಿ ಕುಟುಂಬ ದಿನದಂದು "ಶಾಂತ ಸಂಸಾರ" ಎಂಬ ವಿಷಯದ ಮೇಲೆ ಮುದ್ರೆ ಗುಮಾಸ್ತರೇ ಭಾಷಣ ಮಾಡತಕ್ಕದ್ದೆಂದು ಸುತ್ತೋಲೆ ಹೊರಡಿಸಿದರು.

ಈ ಶಾಂತ ಸಂಸಾರ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ನಡೆಯುತ್ತಿತ್ತು. ಮುದ್ರೆ ಗುಮಾಸ್ತರ ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಮನೆ ಸೇರುವಾಗ ರಾತ್ರಿ ಎಂಟು. ಐದೂವರೆಗೆ ಶಿಶುವಿಹಾರದಿಂದ ಮಕ್ಕಳನ್ನು ಕರೆತಂದು ಎಂಟರವರೆಗೆ ಕಾಯುವುದು ಗಂಡನ ಪಾಲು. ಆ ಎರಡೂವರೆ ಗಂಟೆಯಲ್ಲಿ ಮಂಚದಿಂದ ಹಾರುವುದು, ಕುರ್ಚಿಗಳನ್ನು ಸಾಲಾಗಿ ಜೋಡಿಸಿ ರೈಲು ಎಳೆಯುವುದು, ಕಬ್ಬಿಣದ ಬಕೆಟ್ಟನ್ನು ಅಡುಗೆಮನೆಯಿಂದ ಬಾಗಿಲವರೆಗೆ ಉರುಳಿಸುವುದು ಮುಂತಾದ ಕಾರ್ಯಕ್ರಮಗಳು ಜರುಗುತ್ತಿದ್ದವು. ಗುಮಾಸ್ತರು ನಡುವೆ ನಿಂತು ಹುಬ್ಬು ಎತ್ತುತ್ತಿದ್ದರು. ಎತ್ತೀ ಎತ್ತೀ ಹಣೆಯಲ್ಲಿ ಖಾಯಂ ಗೆರೆ ಬಿದ್ದಿತ್ತು.

ಸರಿಯಾಗಿ ಅವರ ಕೆಳಗಿನ ಮನೆಯಲ್ಲಿ ಒಬ್ಬ ನಿವೃತ್ತ ರೈಲ್ವೆ ಗಾರ್ಡ್ ಇದ್ದರು. ಮೂವತ್ತೆಂಟು ವರ್ಷ ರೈಲಿನ ಕೊನೆಯ ಡಬ್ಬಿಯಲ್ಲಿ ಕೂತು, ಗಾಡಿ ಎಲ್ಲಿ ಎಷ್ಟು ಹೊತ್ತಿಗೆ ನಿಂತಿತು, ಎಲ್ಲಿ ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ಬರೆದವರು. ನಿವೃತ್ತಿಯಾದ ಮೇಲೆ ಬರೆಯಲು ಗಾಡಿಯಿಲ್ಲದೆ ಕೈ ಜಡ್ಡುಗಟ್ಟಿತ್ತು. ಅಷ್ಟರಲ್ಲಿ ಪುಣ್ಯಕ್ಕೆ ಮೇಲಿನ ಮನೆಗೆ ಮುದ್ರೆ ಗುಮಾಸ್ತರ ಸಂಸಾರ ಬಂತು.

ಒಂದು ಸಂಜೆ ಗಾರ್ಡ್ ಕೆಂಪು ರಟ್ಟಿನ ಪುಸ್ತಕ ಹಿಡಿದು ಮೆಟ್ಟಿಲೇರಿ ಬಂದು ಬಾಗಿಲು ತಟ್ಟಿದರು. ಗುಮಾಸ್ತರು ಬಾಗಿಲನ್ನು ಒಂದು ಗೇಣು ತೆರೆದು, ಉಳಿದದ್ದಕ್ಕೆ ಕಾಲು ಅಡ್ಡ ಇಟ್ಟು ನಿಂತರು. ಅವರ ಅಂಗಿಯ ಒಂದು ತೋಳು ಒದ್ದೆಯಾಗಿತ್ತು.

ಗಾರ್ಡ್ ಪುಸ್ತಕ ಬಿಚ್ಚಿ ಓದಿದರು. "ಆರು ಗಂಟೆ ಹನ್ನೆರಡು ನಿಮಿಷ. ಭಾರವಾದ ಪದಾರ್ಥ ಎತ್ತರದಿಂದ ಬಿತ್ತು. ಆರು ಹದಿನಾಲ್ಕು. ಲೋಹದ ಪದಾರ್ಥ ಉರುಳಿತು, ಅಂದಾಜು ಹನ್ನೆರಡು ಅಡಿ. ಆರು ಹದಿನೇಳು. ಎಳೆದಾಟ. ಆರು ಇಪ್ಪತ್ತು. ಪುನಃ ಭಾರವಾದದ್ದು ಬಿತ್ತು. ಇದು ದಿನಾ ಇದೆ. ಏನ್ ಸ್ವಾಮಿ ಇದು? ಮಕ್ಕಳಾ?"

ಮುದ್ರೆ ಗುಮಾಸ್ತರು ಇದೇ ಗಾರ್ಡಿಗೆ ಹೋದ ವಾರವಷ್ಟೇ ಮೆಟ್ಟಿಲ ಮೇಲೆ ನಿಲ್ಲಿಸಿ ಹುಬ್ಬಿನ ಸಿದ್ಧಾಂತವನ್ನು ಮುಕ್ಕಾಲು ಗಂಟೆ ವಿವರಿಸಿದ್ದರು. ಈಗ ಹೌದು ಅನ್ನುವುದು ಹೇಗೆ?

"ಮಕ್ಕಳಾ? ಛೆ ಛೆ! ಮಕ್ಕಳು ಒಳಗೆ ಚಿತ್ರ ನೋಡ್ತಾ ಕೂತಿದಾವೆ."

ಒಳಗೆ ಧಡ್ ಎಂದಿತು.

"ಮತ್ತೆ ಇದು?"

"ಇದು... ಯಂತ್ರ."

"ಯಂತ್ರ?"

"ಸಣ್ಣದೊಂದು."

ಇನ್ನೊಂದು ಧಡ್.

"ಎರಡು," ಎಂದರು ಗುಮಾಸ್ತರು. ಸುಳ್ಳಿನಲ್ಲೂ ಲೆಕ್ಕ ತಪ್ಪಬಾರದು ಎನ್ನುವುದು ಅವರ ಇಲಾಖೆಯ ನಿಯಮ.

ಗಾರ್ಡ್ ಪೆನ್ಸಿಲ್ ತೆಗೆದರು. "ಏನ್ ತಯಾರಿಸುತ್ತೆ?"

"ಸದ್ಯಕ್ಕೆ ಏನೂ ಇಲ್ಲ. ಇನ್ನೂ ಪ್ರಯೋಗದ ಹಂತ."

"ನಿಲ್ಲಿಸೋಕೆ ಗುಂಡಿ ಇಲ್ವಾ?"

"ಅದನ್ನೇ ಐದು ವರ್ಷದಿಂದ ಹುಡುಕ್ತಾ ಇದೀನಿ," ಎಂದು ಗುಮಾಸ್ತರು ಆ ಸಂಜೆಯ ಏಕೈಕ ಸತ್ಯ ನುಡಿದು ಬಾಗಿಲು ಹಾಕಿಕೊಂಡರು.

ಎಂಟಕ್ಕೆ ಬಂದ ಹೆಂಡತಿ ಇದನ್ನು ಕೇಳಿ ಚೀಲವನ್ನೂ ಕೆಳಗಿಡದೆ ನಿಂತಲ್ಲೇ ನಿಂತರು.

"ಮಕ್ಕಳು ಅಂದಿದ್ರೆ ನಾಲಿಗೆ ಬಿದ್ದು ಹೋಗ್ತಿತ್ತಾ? ಊರಲ್ಲಿ ಇನ್ಯಾರಿಗೂ ಮಕ್ಕಳೇ ಇಲ್ವಾ?"

"ನನ್ನ ಮರ್ಯಾದೆ ಪ್ರಶ್ನೆ ಕಣೇ. ಮುಂದಿನ ತಿಂಗಳು ಭಾಷಣ ಇದೆ."

"ನಾಳೆ ಯಂತ್ರ ತೋರ್ಸಿ ಅಂತ ಬಂದ್ರೆ?"

"ಯಾರ್ ಬರ್ತಾರೆ?"

ಮೊದಲು ಬಂದದ್ದು ಹೆಂಡತಿಯ ತಮ್ಮನೇ, ಅದೂ ಅಕ್ಕ ಮನೆಯಲ್ಲಿದ್ದ ಭಾನುವಾರ. ಈ ಭಾವಮೈದುನ ಈವರೆಗೆ ಮೇಣದಬತ್ತಿ, ಕೋಳಿಮರಿ, ಛತ್ರಿ ರಿಪೇರಿ ಎಂಬ ಮೂರು ವ್ಯಾಪಾರಗಳನ್ನು ಮಾಡಿ ಮೂರನ್ನೂ ಮುಗಿಸಿದವನು. ಕೆಳಗಿನ ಗಾರ್ಡ್ ಕ್ಷೌರದಂಗಡಿಯಲ್ಲಿ ಹೇಳಿದ್ದು ಎರಡೇ ದಿನದಲ್ಲಿ ಅವನ ಕಿವಿಗೆ ಬಿದ್ದಿತ್ತು.

"ಭಾವ, ನಾನೂ ಸೇರ್ಕೋತೀನಿ. ಯಂತ್ರ ಎಲ್ಲಿ?"

ಗುಮಾಸ್ತರು ಬೆರಳು ತೋರಿಸಿದರು. ದೊಡ್ಡದು ಬಕೆಟ್ಟಿನೊಳಗೆ ಕೂತಿತ್ತು. ಚಿಕ್ಕದು ಬಕೆಟ್ಟನ್ನು ತಳ್ಳುತ್ತಿತ್ತು.

ಭಾವಮೈದುನ ಇಬ್ಬರನ್ನೂ ದಾಟಿಕೊಂಡು ಅಡುಗೆಮನೆ, ಬಚ್ಚಲು, ಅಟ್ಟ ಎಲ್ಲವನ್ನೂ ಇಣುಕಿ ನೋಡಿ ವಾಪಸು ಬಂದ. ಮುಖ ಕೆಂಪಾಗಿತ್ತು. "ಹೊರಗಿನವರಿಗೆ ಸುಳ್ಳು ಹೇಳೋದು ಬೇರೆ, ಭಾವ. ಅದು ವ್ಯಾಪಾರ. ಮನೆ ಮಂದಿಗೂ ಮುಚ್ಚಿಡ್ತೀರಲ್ಲ, ಇದು ಸರೀನಾ? ಅಕ್ಕ, ನೋಡ್ಕೋ ನಿನ್ನ ಗಂಡನ್ನ," ಎಂದು ಹೇಳಿ ಟೀಯನ್ನೂ ಕುಡಿಯದೆ ಹೊರಟುಹೋದ. ಗುಮಾಸ್ತರ ಅತ್ತೆಯ ಕಡೆ ಇಡೀ ಬಳಗ ಆ ವಾರವೆಲ್ಲ ಅವರ ಜೊತೆ ಮಾತು ಬಿಟ್ಟಿತು.

ಇದು ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಬೀದಿ ಮೂಲೆಯಲ್ಲಿ ಒಬ್ಬ ದಿನಸಿ ಅಂಗಡಿಯವನಿದ್ದ. ಹಿಂದಿನ ತಿಂಗಳು ಅವನ ಅರ್ಧ ಕಿಲೋ ಕಲ್ಲು ಸವೆದಿದೆ ಎಂದು ಮುದ್ರೆ ಗುಮಾಸ್ತರು ಮುದ್ರೆ ಹಾಕದೆ ಹಿಂದಿರುಗಿಸಿದ್ದರು. ಅವನು ಅಂದಿನಿಂದ ಅದೇ ಕಲ್ಲಿನಲ್ಲಿ ತೂಗುತ್ತಾ, ಗುಮಾಸ್ತರ ಮೇಲೆ ಹಲ್ಲು ಮಸೆಯುತ್ತಾ ಕೂತಿದ್ದ. ತೂಕದ ಇಲಾಖೆಯವನ ಮನೆಯಲ್ಲಿ ಗುಟ್ಟಿನ ಯಂತ್ರ, ಲೋಹ ಬೀಳುವ ಸದ್ದು ಎಂದು ಕೇಳಿದ ಕೂಡಲೇ ಅವನ ತಲೆಯಲ್ಲಿ ದೀಪ ಹತ್ತಿಕೊಂಡಿತು.

ಆ ಸಂಜೆಯೇ ಗುಮಾಸ್ತರು ಮಕ್ಕಳ ಸಮೇತ ಸೋಪು ಕೊಳ್ಳಲು ಬಂದರು. ಚಿಕ್ಕದು ಕೈ ಬಿಡಿಸಿಕೊಂಡು ರಸ್ತೆಯ ನಾಯಿಯ ಹಿಂದೆ ಓಡಿತು. ಗುಮಾಸ್ತರು ಚಿಕ್ಕದರ ಹಿಂದೆ ಓಡಿದರು. ದೊಡ್ಡದು ಅಂಗಡಿಯ ಕಟ್ಟೆಗೆ ಗಲ್ಲ ಊರಿ ನಿಂತಿತು. ಅಂಗಡಿಯವನು ಬಗ್ಗಿ ದನಿಗೆ ಬೆಣ್ಣೆ ಹಚ್ಚಿ ಕೇಳಿದ.

"ಪುಟ್ಟಾ, ಅಪ್ಪ ಸಂಜೆ ಮನೇಲಿ ಏನ್ ಮಾಡ್ತಾರೆ?"

"ತೂಗ್ತಾರೆ."

ನಮ್ಮ ಭಾಷೆಯಲ್ಲಿ ಸಕ್ಕರೆಯನ್ನೂ ತೂಗುತ್ತಾರೆ, ಮಗುವನ್ನೂ ತೂಗುತ್ತಾರೆ. ದೊಡ್ಡದು ಹೇಳಿದ್ದು ತಮ್ಮನನ್ನು ಸೀರೆಯ ಜೋಲಿಯಲ್ಲಿ ಹಾಕಿ ತೂಗುವ ವಿಷಯ. ಅಂಗಡಿಯವನು ಸಕ್ಕರೆಯ ಮನುಷ್ಯ.

"ಓಹೋ! ಮನೇಲಿ ಕಲ್ಲು ಇದಾವಾ?"

"ನಲವತ್ಮೂರು ಇದಾವೆ," ಎಂದಿತು ದೊಡ್ಡದು, ಹೆಮ್ಮೆಯಿಂದ. "ಮಂಚದ ಕೆಳಗೆ. ನಾವೇ ಮಾಡಿದ ಜಾಗ. ಅಮ್ಮನಿಗೆ ಗೊತ್ತಾದ್ರೆ ಬೀದಿಗೆ ಎಸೀತಾಳೆ, ಹೇಳ್ಬೇಡಿ ಅಂದಿದಾರೆ ಅಪ್ಪ."

ಅಂಗಡಿಯವನು ಆ ಮಗುವಿಗೆ ಒಂದು ಬಿಸ್ಕತ್ತು ಕೊಟ್ಟ. ಅವನು ಯಾರಿಗೂ ಏನೂ ಪುಕ್ಕಟೆ ಕೊಟ್ಟವನಲ್ಲ.

ಮೂರನೇ ದಿನ ಮುದ್ರೆ ಗುಮಾಸ್ತರಿಗೆ ದೊಡ್ಡ ಸಾಹೇಬರ ಕೋಣೆಯಿಂದ ಕರೆ ಬಂತು. ಭಾಷಣದ ವಿಷಯ ಇರಬೇಕೆಂದು ಅವರು ತಲೆ ಬಾಚಿಕೊಂಡು ಹೋದರು. ಸಾಹೇಬರ ಪಕ್ಕದಲ್ಲಿ ಪರೀಕ್ಷಕ ನಿಂತಿದ್ದ. ಅಂಗಡಿಗಳ ಮೇಲೆ ದಾಳಿ ಮಾಡಿ ಕಳ್ಳ ತೂಕ ಹಿಡಿಯುವುದು ಅವನ ಕೆಲಸ. ಮದುವೆಯಾಗಿರಲಿಲ್ಲ. ಮೀಸೆ ಎರಡು ಕಡೆಗೂ ಸಮನಾಗಿ ತೂಗುವಂತಿತ್ತು.

ಮೇಜಿನ ಮೇಲೆ "ಒಬ್ಬ ಹಿತೈಷಿ" ಬರೆದ ಅರ್ಜಿ, ಮುದ್ರೆ ಗುಮಾಸ್ತರು ಮನೆಯಲ್ಲಿ ಯಂತ್ರ ಇಟ್ಟು ಕಳ್ಳ ತೂಕದ ಕಲ್ಲು ತಯಾರಿಸುತ್ತಾರೆಂದು. ಜೊತೆಗೆ ಗಾರ್ಡಿನ ಕೆಂಪು ಪುಸ್ತಕದಿಂದ ನಕಲು ಮಾಡಿದ ನಾಲ್ಕು ಹಾಳೆ ವೇಳಾಪಟ್ಟಿ.

"ಆರು ಹನ್ನೆರಡಕ್ಕೆ ನಿಮ್ಮನೇಲಿ ದಿನಾ ಏನ್ರೀ ಬೀಳೋದು?" ಎಂದರು ಸಾಹೇಬರು.

"ಸಾರ್, ಅದು ಚಿಕ್ಕದು."

"ಚಿಕ್ಕದಾ? ಹಾಗಾದ್ರೆ ದೊಡ್ಡದೂ ಇದೆಯಾ?"

"ಇದೆ ಸಾರ್. ಆರು ಇಪ್ಪತ್ತಕ್ಕೆ ಬೀಳೋದು ಅದೇ."

"ಎಷ್ಟು ತೂಕದ್ದು?"

"ಹದಿನೆಂಟು ಕಿಲೋ ಸಾರ್. ಹೋದ ತಿಂಗಳು ನೋಡಿದ್ದು."

ಪರೀಕ್ಷಕ ಬರೆದುಕೊಂಡ. "ಚಿಕ್ಕ ಯಂತ್ರ ಒಂದು. ದೊಡ್ಡ ಯಂತ್ರ ಒಂದು, ಹದಿನೆಂಟು ಕಿಲೋ. ಆರೋಪಿಯೇ ಒಪ್ಪಿದ್ದಾನೆ."

"ಯಂತ್ರ ಅಲ್ಲ ಸಾರ್! ಮಕ್ಕಳು! ನನ್ನ ಮಕ್ಕಳು!"

ಸಾಹೇಬರು ಕನ್ನಡಕ ತೆಗೆದರು.

"ನಾಚಿಕೆ ಆಗ್ಬೇಕು ನಿಮಗೆ. ಕಳ್ಳತನಕ್ಕೆ ಮಕ್ಕಳನ್ನ ಅಡ್ಡ ತರ್ತೀರಾ? ನಿಮ್ಮ ಮಕ್ಕಳು ಗೋಡೆಗೆ ಒರಗಿ ಚಿತ್ರ ನೋಡೋ ಮಕ್ಕಳು. ಇಡೀ ಕಚೇರಿಗೆ ಗೊತ್ತು. ನೀವು ಹೇಳಿದ್ದು ಕೇಳಿ ನಾನೇ ಮನೆಗೆ ಹೋಗಿ ನನ್ನ ಮೊಮ್ಮಗನ ಮುಂದೆ ಹುಬ್ಬು ಎತ್ತಿದೆ."

"ಏನಾಯ್ತು ಸಾರ್?"

"ಹಿಡಿದು ಎಳೆದ. ಅದು ಇಲ್ಲಿ ಮುಖ್ಯ ಅಲ್ಲ."

"ಸಾರ್, ನಾನು ಹೇಳಿದ್ದು ಸ್ವಲ್ಪ ಹೆಚ್ಚಾಗಿ..."

ಪರೀಕ್ಷಕ ನಡುವೆ ಬಾಯಿ ಹಾಕಿದ. "ನಾನು ಲೆಕ್ಕ ಹಾಕಿ ನೋಡಿದೀನಿ ಸಾರ್. ಎರಡು ಮಕ್ಕಳಿಂದ ಇಷ್ಟು ಶಬ್ದ ಸಾಧ್ಯವೇ ಇಲ್ಲ. ಕಡಿಮೆ ಅಂದ್ರೂ ಎಂಟು ಬೇಕು."

ಹೀಗೆ ಮುದ್ರೆ ಗುಮಾಸ್ತರು ಸುಳ್ಳು ಹೇಳಿದಾಗ ಊರೆಲ್ಲ ನಂಬಿತು; ನಿಜ ಹೇಳಿದ ದಿನ ಒಬ್ಬನೂ ನಂಬಲಿಲ್ಲ. ಸಂಜೆ ಆರಕ್ಕೆ ಮನೆ ತಪಾಸಣೆ ಎಂದು ಆಜ್ಞೆಯಾಯಿತು. ಕೆಲಸದಿಂದ ಅಮಾನತು ಮಾಡುವ ಆದೇಶವನ್ನು ಆಗಲೇ ಟೈಪು ಮಾಡಿಸಿ ಸಾಹೇಬರು ಜೇಬಿಗೆ ಹಾಕಿಕೊಂಡರು. ಸಹಿಯೊಂದೇ ಬಾಕಿ.

ಇಲಾಖೆಯ ಜೀಪಿನಲ್ಲೇ ಎಲ್ಲರೂ ಹೊರಟು, ದಾರಿಯಲ್ಲಿ ಶಿಶುವಿಹಾರದಿಂದ ಮಕ್ಕಳನ್ನೂ ಹತ್ತಿಸಿಕೊಂಡರು. ಗುಮಾಸ್ತರಿಗೆ ಒಂದೇ ಧೈರ್ಯ. ಆರು ಗಂಟೆಯಾಗಲಿ, ಬಾಗಿಲು ತೆರೆಯಲಿ, ಇವೆರಡೂ ಶುರು ಮಾಡಲಿ. ಐದು ನಿಮಿಷದಲ್ಲಿ ಸತ್ಯ ತಾನಾಗಿ ಹೊರಬೀಳುತ್ತದೆ.

ಆದರೆ ಜೀಪಿನಲ್ಲಿ ಎದುರಿಗೆ ಪರೀಕ್ಷಕನ ಮೀಸೆ ಇತ್ತು. ಚಿಕ್ಕದು ಹತ್ತಿದ ಕ್ಷಣದಿಂದ ಅದನ್ನೇ ನೋಡುತ್ತಾ ಬಾಯಲ್ಲಿ ಹೆಬ್ಬೆರಳಿಟ್ಟುಕೊಂಡಿತು. ದೊಡ್ಡದು ಲಂಗ ಸರಿಮಾಡಿಕೊಂಡು ಕೂತಿತು. ಮನೆ ತಲುಪಿ ಬಾಗಿಲು ತೆರೆದಾಗ, ಹುಟ್ಟಿದಂದಿನಿಂದ ಮಾಡದ ಕೆಲಸವನ್ನು ಎರಡೂ ಮಾಡಿದವು. ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಗೋಡೆಗೆ ಒರಗಿ ಕೂತು ಚಿತ್ರದ ಪುಸ್ತಕ ಬಿಡಿಸಿದವು.

ಸಾಹೇಬರು ಅವರನ್ನು ನೋಡಿದರು, ಗುಮಾಸ್ತರನ್ನು ನೋಡಿದರು. ಕೆಳಗಿನಿಂದ ಸಾಕ್ಷಿಯಾಗಿ ಗಾರ್ಡ್ ಬಂದರು. ಬಾಗಿಲಾಚೆ ಮೆಟ್ಟಿಲ ಮೇಲೆ ಅಂಗಡಿ ಬಿಟ್ಟುಬಂದ ದಿನಸಿಯವನು ಕತ್ತು ಚಾಚಿ ನಿಂತ.

"ಗಲಾಟೆ ಮಾಡ್ರಪ್ಪಾ," ಎಂದು ಗುಮಾಸ್ತರು ಪಿಸುಗುಟ್ಟಿದರು.

"ಮಾಡಬಾರದು," ಎಂದಿತು ದೊಡ್ಡದು. "ಮನೆಗೆ ಜನ ಬಂದಿದಾರೆ."

"ಇವತ್ತು ಒಂದಿನ ಮಾಡಿ. ನಿಮ್ಮ ದಮ್ಮಯ್ಯ."

"ಬೇಡಪ್ಪ. ಮಾಡಿದ್ರೆ ಆಮೇಲೆ ಬೈತೀರ."

ಗಾರ್ಡ್ ಗಡಿಯಾರ ನೋಡಿಕೊಂಡು ಗಂಭೀರವಾಗಿ ಘೋಷಿಸಿದರು. "ಆರು ಹನ್ನೆರಡು. ಏನೂ ಬೀಳಲಿಲ್ಲ."

"ಎಂಥಾ ಮಕ್ಕಳು!" ಎಂದರು ಸಾಹೇಬರು. "ಇಂಥ ಮಕ್ಕಳ ಮೇಲೆ ಗೂಬೆ ಕೂರಿಸೋಕೆ ಮನಸ್ಸಾದ್ರೂ ಹೇಗ್ ಬಂತ್ರೀ ನಿಮಗೆ?"

ಅಷ್ಟರಲ್ಲಿ ಪರೀಕ್ಷಕ ಮಂಚದ ಕೆಳಗೆ ನುಗ್ಗಿ ಒಂದು ಶೂ ಡಬ್ಬಿಯನ್ನು ಎಳೆದು ತಂದ. ಮುಚ್ಚಳ ತೆಗೆದ. ನಲವತ್ಮೂರು ಕಲ್ಲು! ಅರ್ಜಿಯಲ್ಲಿ ಇದ್ದದ್ದೂ ನಲವತ್ಮೂರೇ. ಬಾಗಿಲಾಚೆ ದಿನಸಿಯವನು "ನಾನ್ ಹೇಳ್ಲಿಲ್ವಾ?" ಎಂದು ಹೇಳಿಬಿಟ್ಟು, ಹಿತೈಷಿಗಳು ಹಾಗೆಲ್ಲ ಮಾತಾಡಬಾರದೆಂದು ನೆನಪಾಗಿ ಕೆಮ್ಮಿದ.

ಅವು ಬೀದಿಯಲ್ಲಿ ಆರಿಸಿದ ಬರೀ ಕಲ್ಲುಗಳು. ಆದರೆ ಇಲಾಖೆಯ ಮನುಷ್ಯನಿಗೆ ಜಗತ್ತಿನಲ್ಲಿ ಬರೀ ಕಲ್ಲು ಎಂಬುದಿಲ್ಲ. ಪರೀಕ್ಷಕ ಚೀಲದಿಂದ ತಕ್ಕಡಿ ತೆಗೆದು, ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಒಂದೊಂದೇ ಕಲ್ಲನ್ನು ತೂಗಿ ಬರೆಯತೊಡಗಿದ. ಏಳನೇ ಕಲ್ಲಿಗೆ ದೊಡ್ಡದರ ಸಹನೆ ತೀರಿತು.

"ಮಾಮ, ಅದು ಮೀನು. ತಲೆಕೆಳಗೆ ಇಟ್ರೆ ಅದಕ್ಕೆ ಉಸಿರು ಕಟ್ಟುತ್ತೆ."

ಪರೀಕ್ಷಕ ಕಲ್ಲನ್ನು ತಿರುಗಿಸಿ ಇಟ್ಟ. ಎಂಟನೆಯದನ್ನು ಎತ್ತಿಕೊಂಡ.

"ಇದು?"

"ಅದರ ಅತ್ತೆ."

ಅವನು "ಅತ್ತೆ, ಅರವತ್ತೆರಡು ಗ್ರಾಂ" ಎಂದು ಬರೆದು, ಸಾಹೇಬರು ನೋಡುವ ಮೊದಲೇ "ಅತ್ತೆ"ಯನ್ನು ಹೊಡೆದುಹಾಕಿದ. ನಲವತ್ಮೂರು ಮುಗಿದ ಮೇಲೆ ಎದ್ದು ವರದಿ ಒಪ್ಪಿಸಿದ. "ಯಾವುದೂ ಯಾವ ಪ್ರಮಾಣಕ್ಕೂ ಹೊಂದಲ್ಲ ಸಾರ್. ಮುದ್ರೆ ಇಲ್ಲ. ಆದ್ರೆ ಇದು ಕಚ್ಚಾ ಮಾಲು ಇರಬಹುದು. ಯಂತ್ರ ಸಿಕ್ಕಿದ್ರೆ ಎಲ್ಲಾ ಗೊತ್ತಾಗುತ್ತೆ."

ಸಾಹೇಬರು ನಿಟ್ಟುಸಿರು ಬಿಟ್ಟು ಜೇಬಿನಿಂದ ಆದೇಶ ತೆಗೆದು ಮೊಣಕಾಲ ಮೇಲೆ ಹರವಿ ಪೆನ್ನಿನ ಮುಚ್ಚಳ ತೆಗೆದರು.

ಮುದ್ರೆ ಗುಮಾಸ್ತರು ಆ ಪೆನ್ನನ್ನು ನೋಡಿದರು. ಗೋಡೆಗೆ ಒರಗಿದ ಇಬ್ಬರನ್ನು ನೋಡಿದರು. ಆಮೇಲೆ ಬೂಟು ಬಿಚ್ಚಿದರು. ಪ್ಯಾಂಟನ್ನು ಎರಡು ಮಡಿಕೆ ಮೇಲಕ್ಕೆ ಮಡಚಿದರು. ಮಂಚ ಹತ್ತಿದರು. ಏನು ನಡೆಯುತ್ತಿದೆ ಎಂದು ಯಾರಿಗಾದರೂ ತಿಳಿಯುವ ಮೊದಲೇ, ಎಪ್ಪತ್ತೊಂದು ಕಿಲೋ ತೂಗುವ ಆ ಸರ್ಕಾರಿ ನೌಕರರು ಅಲ್ಲಿಂದ ಹಾರಿದರು.

ಧಡ್!

"ಆರು ಹನ್ನೆರಡು!" ಎಂದು ಗಾರ್ಡ್ ಕೂಗಿಬಿಟ್ಟರು. "ಇದೇ! ಇದೇ ಶಬ್ದ! ಸ್ವಲ್ಪ ದಪ್ಪ ಇದೆ. ತಡೀರಿ, ಕೆಳಗಿಂದ ಕೇಳಿ ಹೇಳ್ತೀನಿ." ಅವರು ದಡದಡ ಇಳಿದು ಹೋದರು. ಗುಮಾಸ್ತರು ಮತ್ತೆ ಹತ್ತಿ ಹಾರಿದರು. ಕೆಳಗಿನಿಂದ ಕೋಲಿನಲ್ಲಿ ಸೂರು ಕುಟ್ಟಿದ ಸದ್ದು, ಜೊತೆಗೆ "ಸರಿಯಿದೆ! ಈಗ ಆರು ಹದಿನಾಲ್ಕು ಮಾಡಿ!" ಎಂಬ ಕೂಗು.

ಗುಮಾಸ್ತರು ಬಕೆಟ್ಟು ತಂದು ಉರುಳಿಸಿದರು. ಅದು ಆರಡಿ ಹೋಗಿ ಗೋಡೆಗೆ ಬಡಿದು ನಿಂತಿತು.

ಚಿಕ್ಕದು ಬಾಯಿಂದ ಹೆಬ್ಬೆರಳು ತೆಗೆಯಿತು. ಅದರ ಮುಖದಲ್ಲಿ, ಕೆಲಸ ಬಾರದವರು ಕೆಲಸ ಮಾಡುವುದನ್ನು ಕಂಡ ಹಳೇ ಮೇಸ್ತ್ರಿಯ ಅಸಮಾಧಾನ ಮೂಡಿತು.

"ಅಪ್ಪ, ಹಂಗಲ್ಲ," ಎಂದಿತು.

ಎದ್ದು ಬಂದು, ಬಕೆಟ್ಟನ್ನು ಕಸಿದುಕೊಂಡು, ಅಡುಗೆಮನೆ ಬಾಗಿಲಿಗೆ ತೆಗೆದುಕೊಂಡು ಹೋಗಿ, ಓರೆಯಾಗಿ ಇಟ್ಟು, ಕಾಲಲ್ಲಿ ಒದ್ದಿತು. ಬಕೆಟ್ಟು ಸಾಹೇಬರ ಎರಡು ಕಾಲಿನ ನಡುವೆ ನುಸುಳಿ ಪೂರ್ತಿ ಹನ್ನೆರಡು ಅಡಿ ಉರುಳಿತು. "ಸರಿಯಿದೆ!" ಎಂದು ನೆಲದಡಿಯಿಂದ ಕೂಗು ಬಂತು. ಅದರ ಬೆನ್ನಿಗೇ ದೊಡ್ಡದು "ಅಪ್ಪ, ಮಂಚ ಹಿಡ್ಕೊಂಡು ಹಾರಬಾರದು, ಕೈ ಬಿಟ್ಟು ಹಾರ್ಬೇಕು" ಎಂದು ಪುಸ್ತಕ ಎಸೆದು ಮಂಚ ಹತ್ತಿತು.

ಆಮೇಲೆ ನಡೆದದ್ದನ್ನು ಕ್ರಮವಾಗಿ ಹೇಳಲು ಯಾರಿಂದಲೂ ಆಗುವುದಿಲ್ಲ. ಇಲಾಖೆಯ ವರದಿಯಲ್ಲೂ ಆ ಭಾಗದಲ್ಲಿ ಶಾಯಿ ಚೆಲ್ಲಿದೆ. ಎಲ್ಲರೂ ಒಪ್ಪುವುದಿಷ್ಟು: ತಂದೆ, ಮಗಳು, ಮಗ ಸರದಿಯ ಮೇಲೆ ಮಂಚದಿಂದ ಬೀಳುತ್ತಿದ್ದರು. ಚಿಕ್ಕದು ಬೀಳುವ ದಾರಿಯಲ್ಲಿ ಒಮ್ಮೆ ಪರೀಕ್ಷಕನ ಮೀಸೆಯನ್ನು ಹಿಡಿದುಕೊಂಡಿತು. ಹಿಡಿದು, "ನಿಜವಾದದ್ದೇ!" ಎಂದು ಅಕ್ಕನಿಗೆ ಸಾರಿತು. ಪರೀಕ್ಷಕ ತಪ್ಪಿಸಿಕೊಳ್ಳಲು ಬಗ್ಗಿದವನು ಸೇತುವೆಯಾಗಿಬಿಟ್ಟ. ಅವನ ಕೆಳಗಿಂದ ಕುರ್ಚಿಗಳ ರೈಲು ಹೋಗಬೇಕಾಗಿ ಬಂದುದರಿಂದ ಏಳುವ ಹಾಗಿರಲಿಲ್ಲ. ಆ ಹೊತ್ತಿಗೆ ಮೇಲೆ ಬಂದ ಗಾರ್ಡ್ ಬಾಗಿಲಲ್ಲೇ ನಿಂತು ಕೆಂಡವಾದರು.

"ನಿಲ್ಸಿ! ಯಾರ್ರೀ ಬಿಟ್ಟಿದ್ದು ಈ ಗಾಡೀನ? ಕೊನೇ ಡಬ್ಬೀಲಿ ಗಾರ್ಡ್ ಇಲ್ದೆ ಗಾಡಿ ಹೊರಡೋ ಹಾಗೇ ಇಲ್ಲ!"

ನಿಯಮಕ್ಕೆ ಎದುರಾಡುವುದುಂಟೆ? ಅವರನ್ನು ಕೊನೆಯ ಕುರ್ಚಿಯಲ್ಲಿ ಕೂರಿಸಿದ ಮೇಲೆಯೇ ಗಾಡಿ ಮುಂದೆ ಹೋದದ್ದು. ಎಳೆಯುವವರು 'ಆರೋಪಿ'.

"ಸಾಕು! ನಂಬಿದೆ!" ಎಂದರು ಸಾಹೇಬರು. ಯಾರಿಗೂ ಕೇಳಲಿಲ್ಲ. ಅವರು ಮತ್ತೆ ಕೂಗಿದರು. ಕೊನೆಗೆ ಸ್ಟೂಲು ಹತ್ತಿ ನಿಂತು, ಇಲಾಖೆಯ ವಾರ್ಷಿಕ ಸಭೆಯಲ್ಲೂ ತೆಗೆಯದ ದನಿ ತೆಗೆದು "ನಂಬಿದೇರೀ!" ಎಂದು ಅಬ್ಬರಿಸಿದರು. ಎಲ್ಲರೂ ನಿಂತರು. ಕುರ್ಚಿಗಳ ನಡುವಿನಿಂದ ಪರೀಕ್ಷಕನ ಕೆದರಿದ ತಲೆ ಮೇಲೆ ಬಂತು.

"ಸಾರ್, ನನ್ನ ಲೆಕ್ಕ ತಪ್ಪಿತ್ತು. ಎಂಟು ಬೇಕಾಗಿಲ್ಲ. ಎರಡೇ ಸಾಕು."

ತಪಾಸಣೆ ಮುಗಿಯಿತು. ಆದರೆ ತಕ್ಕಡಿ ಹೊರಗೆ ತೆಗೆದ ಮೇಲೆ ಖಾಲಿ ಕೈಯಲ್ಲಿ ವಾಪಸು ಹೋಗುವ ಪದ್ಧತಿ ಇಲಾಖೆಯಲ್ಲಿಲ್ಲ. ಇಳಿಯುವಾಗ ಪರೀಕ್ಷಕ, ಮೆಟ್ಟಿಲ ಮೇಲೆ ಗೋಡೆಯಾಗಲು ಪ್ರಯತ್ನಿಸುತ್ತಿದ್ದ ದಿನಸಿಯವನ ತೋಳು ಹಿಡಿದು, "ಅಂದ ಹಾಗೆ ನಿಮ್ಮ ಅಂಗಡೀನೂ ಇಲ್ಲೇ ಅಲ್ವಾ?" ಎಂದು ವಿಚಾರಿಸಿ ಜೊತೆಗೇ ಕರೆದುಕೊಂಡು ಹೋದ. ಆ ಅರ್ಧ ಕಿಲೋ ಕಲ್ಲು ಈಗ ಕಚೇರಿಯ ಬೀರುವಿನಲ್ಲಿದೆ.

ಸಾಹೇಬರು ಮಾತ್ರ ಬಾಗಿಲಲ್ಲಿ ಹಿಂದೆ ಉಳಿದರು. ಆದೇಶವನ್ನು ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು.

"ದಿನಾ ಹೀಗೇನಾ?"

"ಭಾನುವಾರ ಇನ್ನೂ ಜಾಸ್ತಿ ಸಾರ್. ಕುಟುಂಬ ದಿನದ ಭಾಷಣ ರದ್ದು ಮಾಡಿಬಿಡಿ ಸಾರ್. ನನಗೆ ಮುಖ ಇಲ್ಲ."

"ರದ್ದು ಯಾಕ್ರೀ? ಮಾಡಿ. ಆದ್ರೆ ಇದನ್ನೇ ಹೇಳಿ." ಸಾಹೇಬರು ಕನ್ನಡಕ ಒರೆಸಿದರು. "ನಿಮ್ಮ ಹುಬ್ಬಿನ ಕತೆ ಕೇಳಿ ಬಂದು ನನ್ನ ಮಗನಿಗೆ, ಸೊಸೆಗೆ ಬೈದೆ. ಮಗು ಸಾಕೋಕೆ ಬರಲ್ಲ ನಿಮಗೆ ಅಂದೆ. ಹದಿನೈದು ದಿನ ಆಯ್ತು, ಅವರು ಮನೆಗೆ ಬಂದಿಲ್ಲ. ಮೊಮ್ಮಗನ ಮುಖ ನೋಡಿಲ್ಲ ನಾನು."

ಗುಮಾಸ್ತರು ಬಕೆಟ್ಟನ್ನು ಬಾಗಿಲಿನಿಂದ ಪಕ್ಕಕ್ಕೆ ಸರಿಸಿದರು.

"ಈಗಲೇ ಹೋಗಿ ಸಾರ್," ಎಂದರು. "ಜೀಪು ಇದೆಯಲ್ಲ."

ಸಾಹೇಬರು ಹೋದರು. ಅಂಗಡಿಯ ಕೆಲಸ ಮುಗಿಸಿ ಬಂದ ಪರೀಕ್ಷಕ ಆ ರಾತ್ರಿ ನಡೆದುಕೊಂಡೇ ಮನೆಗೆ ಹೋಗಬೇಕಾಯಿತು.

ಎಂಟು ಗಂಟೆಗೆ ಹೆಂಡತಿ ಬಂದಾಗ ಮನೆಯಲ್ಲಿ ನಿಂತಿರುವ ವಸ್ತು ಯಾವುದೂ ಇರಲಿಲ್ಲ. ಕುರ್ಚಿಗಳು ಅಡ್ಡ ಬಿದ್ದಿದ್ದವು, ಗಂಡ ನೆಲದ ಮೇಲೆ ಕಾಲು ಚಾಚಿ ಬಿದ್ದಿದ್ದರು. ಗಂಡನ ಹೊಟ್ಟೆಯ ಮೇಲೆ ಮಕ್ಕಳು ಬಿದ್ದಿದ್ದವು.

"ಯಾರ್ ಬಂದಿದ್ರು?"

"ಯಾರ್ ಬಂದಿಲ್ಲ ಕೇಳು."

ಅವರು ಮೊದಲಿನಿಂದ ಹೇಳಿದರು. ಹೆಂಡತಿ ಚೀಲ ಹೆಗಲಲ್ಲೇ ಇಟ್ಟುಕೊಂಡು, ಅಮಾನತು ಆದೇಶದ ಮಾತು ಬಂದಾಗ ಬಾಗಿಲ ಚೌಕಟ್ಟು ಹಿಡಿದುಕೊಂಡು, ಮುಖ ಗಂಟು ಹಾಕಿಕೊಂಡೇ ಕೇಳಿದರು. ಮೀನಿನ ಅತ್ತೆ ಅರವತ್ತೆರಡು ಗ್ರಾಂ ಎಂಬಲ್ಲಿಗೆ ಬಂದಾಗ ತಡೆಯಲಾಗದೆ ಹೊಸ್ತಿಲ ಮೇಲೆ ಕೂತುಬಿಟ್ಟರು. ಅವರು ನಕ್ಕ ರಭಸಕ್ಕೆ ಮಕ್ಕಳು ಎದ್ದು ಹತ್ತಿರ ಬಂದು, ಅಮ್ಮನಿಗೆ ಏನಾಯಿತು ಎಂದು ಬಗ್ಗಿ ಮುಖ ನೋಡಿದವು.

"ನೀವು ಹಾರಿದ್ರಾ? ಆ ಮಂಚದಿಂದ?"

"ಹನ್ನೊಂದು ಸಲ."

"ಕಾಲು?"

"ಎಡ ಮಂಡಿ ಮಡಚೋಕೇ ಆಗ್ತಿಲ್ಲ."

"ಹೇಗಿತ್ತು?"

ಮುದ್ರೆ ಗುಮಾಸ್ತರು ಸುತ್ತ ನೋಡಿದರು. ಯಾವ ಇಲಾಖೆಯವರೂ ಇರಲಿಲ್ಲ.

"ತುಂಬಾ ಚೆನ್ನಾಗಿತ್ತು ಕಣೇ."

ಹೆಂಡತಿ ಎದ್ದರು. ಬೆಳಗಿನಿಂದ ನಿಂತೇ ಇದ್ದ ಪಾದಗಳಿಂದ ಚಪ್ಪಲಿ ಬಿಟ್ಟರು. ಚೀಲವನ್ನು ಗೂಟಕ್ಕೆ ಹಾಕಿದರು. ವೈದ್ಯರ ಚೀಟಿ ಓದುವಾಗಿನ ಹಾಗೆ ಕಣ್ಣು ಕಿರಿದು ಮಾಡಿ ಮಂಚದ ಎತ್ತರವನ್ನು ಒಮ್ಮೆ ಅಂದಾಜು ಮಾಡಿದರು.

"ಸರ್ಕೊಳ್ಳಿ ಎಲ್ಲಾರೂ," ಎಂದು ಹೇಳಿ ಅದರ ಮೇಲೆ ಹತ್ತಿದರು.

ಮುದ್ರೆ ಗುಮಾಸ್ತರು ಒಂದು ಕೈಯಲ್ಲಿ ದೊಡ್ಡದನ್ನೂ ಇನ್ನೊಂದು ಕೈಯಲ್ಲಿ ಚಿಕ್ಕದನ್ನೂ ಎಳೆದುಕೊಂಡು, ಕುಂಟುತ್ತಾ ಸರಿದು ಜಾಗ ಬಿಟ್ಟರು.